ಬ್ಲೂಮ್ಸ್‌ಡೇ: ಒಂದು ಕಾದಂಬರಿಯೊಳಗೆ ದಿನವಿಡೀ ನಡೆದಾಡುವುದು ಹೇಗೆ

ಪ್ರತಿ ವರ್ಷ ಜೂನ್ 16ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಜನ 1904ರ ಕಾಲದ ಉಡುಪು ತೊಟ್ಟು ಬೀದಿಗಿಳಿಯುತ್ತಾರೆ. ಬೆಳಗ್ಗೆ ಕಿಡ್ನಿ ಹುರಿದು ತಿನ್ನುತ್ತಾರೆ, ಹಳೆಯದೊಂದು ಔಷಧಿ ಅಂಗಡಿಗೆ ಹೋಗಿ ನಿಂಬೆ ಸಾಬೂನು ಕೊಳ್ಳುತ್ತಾರೆ, ಮಧ್ಯಾಹ್ನ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಾರೆ, ಫುಟ್‌ಪಾತಿನಲ್ಲೇ ನಿಂತು ಗಟ್ಟಿಯಾಗಿ ಓದುತ್ತಾರೆ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಕತೆ ನಡೆಯುವುದು 1904ರ ಜೂನ್ 16, ಗುರುವಾರ ಬೆಳಗ್ಗೆಯಿಂದ ಆ ರಾತ್ರಿ ಕಳೆಯುವವರೆಗೆ. ಲಿಯೊಪೋಲ್ಡ್ ಬ್ಲೂಮ್ ಎಂಬ ಜಾಹೀರಾತು ಏಜೆಂಟ್ ಅವತ್ತು ಎಲ್ಲೆಲ್ಲಿ ಅಲೆದ, ಏನು ತಿಂದ, ಏನು ಕೊಂಡ ಎನ್ನುವುದನ್ನು ಅದೇ ಜಾಗದಲ್ಲಿ, ಆದಷ್ಟು ಅದೇ ಹೊತ್ತಿಗೆ ಮತ್ತೆ ಮಾಡುವುದೇ ಬ್ಲೂಮ್ಸ್‌ಡೇ. ಆಡುವವರು ಬೇರೆ, ನೋಡುವವರು ಬೇರೆ ಎಂಬ ಗೆರೆ ಇಲ್ಲಿಲ್ಲ. ಹೋಗಿ ನಿಂತವರೆಲ್ಲ ಪಾತ್ರಧಾರಿಗಳೇ.

ಜಾಯ್ಸ್ ವಿಚಿತ್ರ ಸ್ವಭಾವದವನು. ಗುಡುಗಿಗೆ ನಡುಗುತ್ತಿದ್ದ, ನಾಯಿ ಕಂಡರೆ ಹೆದರುತ್ತಿದ್ದ. ತನ್ನ ನಲವತ್ತನೆಯ ಹುಟ್ಟುಹಬ್ಬದ ದಿನ, 1922ರ ಫೆಬ್ರವರಿ 2ರಂದೇ ಪುಸ್ತಕ ಹೊರಬರಬೇಕೆಂದು ಹಟ ಹಿಡಿದು ಪ್ಯಾರಿಸ್‌ನಲ್ಲಿ ಪ್ರಕಾಶಕಿ ಸಿಲ್ವಿಯಾ ಬೀಚ್‌ಳಿಂದ ಹಾಗೆಯೇ ಮಾಡಿಸಿಕೊಂಡ. ಕತೆಗೆ ಜೂನ್ 16ನ್ನು ಆರಿಸಿದ್ದೂ ಮುಂದೆ ತನ್ನ ಹೆಂಡತಿಯಾದ ನೋರಾ ಬಾರ್ನಕಲ್ ಜೊತೆ ಮೊದಲ ಸಲ ಸುತ್ತಾಡಲು ಹೋದ ದಿನ ಅದು ಎಂಬ ಕಾರಣಕ್ಕೆ. ಡಬ್ಲಿನ್ ಬಿಟ್ಟು ಹೋಗಿ ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್‌ಗಳಲ್ಲಿ ಕೂತು ಬರೆದರೂ ಊರಿನ ಪ್ರತಿ ಕಲ್ಲೂ ಸರಿಯಿರಬೇಕಿತ್ತು. 1921ರಲ್ಲಿ ಸೋದರಮಾವನ ಹೆಂಡತಿ ಜೋಸೆಫೀನ್ ಅತ್ತೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ: ಎಕಲ್ಸ್ ಸ್ಟ್ರೀಟಿನ 7ನೇ ನಂಬರ್ ಮನೆಯ ಮುಂದಿನ ಕಬ್ಬಿಣದ ಕಟಾಂಜನವನ್ನು ಸಾಧಾರಣ ಮನುಷ್ಯನೊಬ್ಬ ದಾಟಿ, ಆಚೆ ಕಡೆ ಜೋತುಬಿದ್ದು, ಪೆಟ್ಟಾಗದಂತೆ ಕೆಳಗೆ ಇಳಿಯಬಹುದೇ? ಬೀಗದ ಕೈ ಮರೆತ ಬ್ಲೂಮ್ ಅಪರಾತ್ರಿ ತನ್ನ ಮನೆಗೆ ಹಾಗೇ ಇಳಿಯಬೇಕಿತ್ತು, ಅದಕ್ಕೆ. ಹೀಗೆ ಅಳೆದು ಬರೆದ ಪುಸ್ತಕವಾದ್ದರಿಂದಲೇ ಅದನ್ನು ಕಾಲಲ್ಲಿ ಓದಲು ಆಗುತ್ತದೆ.

ಮೊದಲು ಗಡಿಯಾರ

ಮೊದಲ ಸಲ ಹೋಗುವವರು ಕಾರ್ಯಕ್ರಮ ಪಟ್ಟಿ ಹಿಡಿದು ಎಲ್ಲ ಕಡೆ ಓಡಾಡಿ ಮಧ್ಯಾಹ್ನಕ್ಕೇ ಸುಸ್ತಾಗುತ್ತಾರೆ. ಜೇಮ್ಸ್ ಜಾಯ್ಸ್ ಸೆಂಟರ್ ನಡೆಸುವ ಹಬ್ಬ ಹಲವು ದಿನ ಇರುತ್ತದೆ. ಉಪನ್ಯಾಸ, ನಾಟಕಗಳನ್ನು ಹಿಂದಿನ ದಿನಗಳಲ್ಲೇ ಮುಗಿಸಿಕೊಂಡು 16ನೇ ತಾರೀಖನ್ನು ಪುಸ್ತಕಕ್ಕೇ ಬಿಡಿ. ಕಾದಂಬರಿಯಲ್ಲಿ ಹದಿನೆಂಟು ಅಧ್ಯಾಯಗಳಿವೆ, ಹೆಚ್ಚಿನವಕ್ಕೆ ಅವುಗಳದೇ ಹೊತ್ತು, ಅವುಗಳದೇ ಜಾಗ. ಅದರಲ್ಲಿ ನಾಲ್ಕನ್ನು ಮಾತ್ರ ಆರಿಸಿಕೊಳ್ಳಿ. ಐದನೆಯದಕ್ಕೆ ಆಸೆಪಟ್ಟರೆ ನಾಲ್ಕೂ ಕೆಡುತ್ತವೆ.

ನಡೆಯಬಲ್ಲವರಿಗೆ ಹೊಂದುವ ನಾಲ್ಕು ಇವು: ಬೆಳಗ್ಗೆ 8ಕ್ಕೆ ಸ್ಯಾಂಡಿಕೋವ್‌ನ ಮಾರ್ಟೆಲೊ ಗೋಪುರ, 10ಕ್ಕೆ ಲಿಂಕನ್ ಪ್ಲೇಸ್‌ನ ಸ್ವೀನಿ ಔಷಧಿ ಅಂಗಡಿ, ಮಧ್ಯಾಹ್ನ 1ಕ್ಕೆ ಊಟದ ನಡಿಗೆ, ರಾತ್ರಿ 8ಕ್ಕೆ ಸ್ಯಾಂಡಿಮೌಂಟ್ ಕಡಲತೀರ. ಬ್ಲೂಮ್ ಗೆಳೆಯನ ಶವಯಾತ್ರೆಗೆ ಹೋಗುವ 11 ಗಂಟೆಯ ಗ್ಲಾಸ್ನೆವಿನ್ ಸ್ಮಶಾನ ಇನ್ನೊಂದು ವರ್ಷಕ್ಕಿರಲಿ. ಅದು ಊರಿನ ಉತ್ತರ ತುದಿ, ಅಲ್ಲಿಗೆ ಹೋಗಿ ಒಂದು ಗಂಟೆಯೊಳಗೆ ನಡುಪೇಟೆಗೆ ವಾಪಸಾಗುವುದು ಬಸ್ಸನ್ನು ನಂಬಿ ಮಾಡುವ ಕೆಲಸವಲ್ಲ. ಸ್ಮಶಾನವನ್ನೇ ಆರಿಸುವುದಾದರೆ ಸ್ವೀನಿ ಅಂಗಡಿಯನ್ನು ಬಿಡಿ. ಸ್ಮಶಾನದಲ್ಲಿ ಅವತ್ತೂ ನಿಜವಾದ ಶವಸಂಸ್ಕಾರಗಳು ನಡೆಯುತ್ತಿರುತ್ತವೆ, ಟೋಪಿ ತೆಗೆದು ದೂರ ನಿಲ್ಲಬೇಕು.

ಜೂನ್ 16 ಭಾನುವಾರ ಬಿದ್ದರೆ ಇನ್ನೊಂದು ತೊಡಕು. ಕಡಲಂಚಿನ ಡಾರ್ಟ್ ರೈಲು ಭಾನುವಾರ ತಡವಾಗಿ ಶುರುವಾಗುತ್ತದೆ, 8 ಗಂಟೆಗೆ ಗೋಪುರ ಸೇರಲು ಟ್ಯಾಕ್ಸಿ ಹಿಡಿಯಬೇಕಾದೀತು. ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ದಿನ ಹಾಳಾಗುವ ಬಗೆಯೂ ಬ್ಲೂಮ್ಸ್‌ಡೇಯಷ್ಟೇ ಹಳೆಯದು. ಕತೆಯ ದಿನಕ್ಕೆ ಐವತ್ತು ತುಂಬಿದ 1954ರಲ್ಲಿ ಜಾನ್ ರಯನ್, ಫ್ಲಾನ್ ಒ’ಬ್ರಯನ್ ಎಂಬ ಹೆಸರಲ್ಲಿ ಬರೆಯುತ್ತಿದ್ದ ಬ್ರಯನ್ ಒ’ನೋಲನ್, ಕವಿ ಪ್ಯಾಟ್ರಿಕ್ ಕ್ಯಾವನಾ, ಆಂಟನಿ ಕ್ರೋನಿನ್ ಮತ್ತಿಬ್ಬರು ಎರಡು ಕುದುರೆಗಾಡಿ ಬಾಡಿಗೆಗೆ ಹಿಡಿದು, ಪಾತ್ರಗಳನ್ನು ಹಂಚಿಕೊಂಡು ಹೊರಟರು. ಇಡೀ ದಿನದ ಹಾದಿಯನ್ನು ಮುಗಿಸುವುದು ಅವರ ಯೋಜನೆ. ದಾರಿಯುದ್ದಕ್ಕೂ ಕುಡಿಯುತ್ತ ಬಂದು, ಡ್ಯೂಕ್ ಸ್ಟ್ರೀಟಿನ ‘ಬೇಲಿ’ (Bailey) ಎಂಬ ಪಬ್‌ನಲ್ಲಿ ಕೂತಲ್ಲೇ ಯಾತ್ರೆ ಮುಗಿಯಿತು. ಇವತ್ತಿಗೂ ಮುಕ್ಕಾಲು ಗುಂಪುಗಳು ಚದುರುವುದು ಅದೇ ಬೀದಿಯಲ್ಲಿ, ಅದೇ ಕಾರಣಕ್ಕೆ. ರಾತ್ರಿಯ ಕಡಲತೀರ ಬೇಕೆನ್ನುವವರು ಮಧ್ಯಾಹ್ನ ಒಂದು ಗ್ಲಾಸಿಗೆ ನಿಲ್ಲಿಸಬೇಕು. ಬ್ಲೂಮ್ ಕೂಡ ಕುಡಿದದ್ದು ಒಂದೇ ಗ್ಲಾಸು.

ವೇಷ: ಆ ಹುಲ್ಲಿನ ಟೋಪಿ ಬ್ಲೂಮ್‌ನದಲ್ಲ

ಅವತ್ತು ಎಲ್ಲೆಲ್ಲೂ ಕಾಣುವುದು ಚಪ್ಪಟೆ ತಲೆಯ, ರಿಬ್ಬನ್ ಸುತ್ತಿದ ಹುಲ್ಲಿನ ಟೋಪಿ. ಅಗ್ಗ, ಹಗುರ, ಫೋಟೋಕ್ಕೆ ಚೆಂದ. ಆದರೆ ಪುಸ್ತಕದಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡು ತಿರುಗುವವನು ಬ್ಲೇಜಸ್ ಬೊಯ್ಲನ್, ಬ್ಲೂಮ್‌ನ ಹೆಂಡತಿ ಮಾಲಿಯನ್ನು ಆ ಮಧ್ಯಾಹ್ನ ಮನೆಯಲ್ಲಿ ಸಂಧಿಸುವವನು. ಊರಲ್ಲಿ ಅವನ ಟೋಪಿ, ಕಂದು ಬೂಟು ಕಣ್ಣಿಗೆ ಬಿದ್ದೊಡನೆ ಬ್ಲೂಮ್ ದಾರಿ ಬದಲಿಸುತ್ತಾನೆ. ಬ್ಲೂಮ್ ಆಗಬೇಕೆನ್ನುವವರು ಕಪ್ಪು ಸೂಟು ಹಾಕಿ: ಗೆಳೆಯನ ಶವಯಾತ್ರೆಗೆಂದು ತೊಟ್ಟ ಬಟ್ಟೆಯಲ್ಲೇ ಅವನು ದಿನವಿಡೀ ಅಲೆಯುತ್ತಾನೆ. ತಲೆಗೆ ಗುಂಡು ಬೌಲರ್ ಟೋಪಿ. ಕಾದಂಬರಿಯ ಇನ್ನೊಬ್ಬ ಮುಖ್ಯ ಪಾತ್ರ, ತರುಣ ಸ್ಟೀಫನ್ ಡೆಡಾಲಸ್ ಆಗುವವರಿಗೂ ಕಪ್ಪೇ, ಕೈಯಲ್ಲೊಂದು ಕೋಲು. ಹೆಂಗಸರು ಕತ್ತಿನವರೆಗೆ ಗುಂಡಿಯಿರುವ ಬಿಳಿ ಬ್ಲೌಸು, ಪಾದ ಮುಟ್ಟುವ ಸ್ಕರ್ಟು, ಅಗಲ ಅಂಚಿನ ಟೋಪಿ ಹಾಕುತ್ತಾರೆ. ಸ್ಕರ್ಟು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಗೋಪುರದ ಸುತ್ತು ಮೆಟ್ಟಿಲು ಕಡಿದು, ಇಕ್ಕಟ್ಟಾದದ್ದು, ಉದ್ದ ಸ್ಕರ್ಟು ಕಾಲಿಗೆ ಸಿಕ್ಕಿ ಬೀಳುವುದು ಅಲ್ಲೇ. ಬಾಡಿಗೆ ವೇಷಕ್ಕೆ ಹಣ ಸುರಿಯಬೇಡಿ. ಹಳೇ ಬಟ್ಟೆಯಂಗಡಿಯ ವೇಸ್ಟ್‌ಕೋಟು, ಗಟ್ಟಿ ಬೂಟು ಸಾಕು. ಡಬ್ಲಿನ್‌ನ ಜೂನ್ ನಮ್ಮ ಮಡಿಕೇರಿಯ ಮಳೆಗಾಲದಷ್ಟು ತಂಪು, ಹಗಲಲ್ಲೂ ಹೆಚ್ಚಾಗಿ ಇಪ್ಪತ್ತು ಡಿಗ್ರಿಯೊಳಗೇ. ಒಳಗೊಂದು ಉಣ್ಣೆಯ ಬನಿಯನ್ ಇರಲಿ.

ಬಟ್ಟೆಗಿಂತ ಜೇಬು ಮುಖ್ಯ. ಬ್ಲೂಮ್‌ನ ಜೇಬಿನಲ್ಲಿ ಒಣಗಿ ಸುಕ್ಕಾದ ಒಂದು ಆಲೂಗಡ್ಡೆ ಇದೆ, ತೀರಿಹೋದ ತಾಯಿಯ ನೆನಪಿಗೆ ಇಟ್ಟುಕೊಂಡ ರಕ್ಷೆ. ಟೋಪಿಯ ಒಳಪಟ್ಟಿಯಲ್ಲಿ ‘ಹೆನ್ರಿ ಫ್ಲವರ್’ ಎಂಬ ಸುಳ್ಳು ಹೆಸರಿನ ಚೀಟಿ. ಹತ್ತು ಗಂಟೆಯ ನಂತರ ಸಾಬೂನು. ಇರಬೇಕಾದದ್ದು ಆದರೆ ಇಲ್ಲದ್ದು ಬೀಗದ ಕೈ, ಅದು ಮನೆಯಲ್ಲಿ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ ಉಳಿದಿದೆ. ಚಿಕ್ಕದೊಂದು ಆಲೂಗಡ್ಡೆಯನ್ನು ಮನೆಯಿಂದಲೇ ಹಾಕಿಕೊಂಡು ಹೊರಡಿ. ಮಾತಿನ ನಡುವೆ, ಜನಜಂಗುಳಿಯಲ್ಲಿ ಕೈ ತಾನಾಗಿ ಅದನ್ನು ಮುಟ್ಟಿಕೊಳ್ಳುತ್ತದೆ. ಬ್ಲೂಮ್‌ನ ಕೈಯೂ ಹಾಗೇ ತಡಕುತ್ತಿತ್ತು. ಹತ್ತು ಪುಟ ಓದಿ ತಿಳಿಯದ್ದು ಆ ಒಂದು ಸ್ಪರ್ಶದಲ್ಲಿ ತಿಳಿಯುತ್ತದೆ.

8 ಗಂಟೆ: ಗೋಪುರ, ಕಡಲು, ಕಿಡ್ನಿ

ಪಿಯರ್ಸ್ ನಿಲ್ದಾಣದಿಂದ ಡಾರ್ಟ್ ಹತ್ತಿ ‘ಸ್ಯಾಂಡಿಕೋವ್ ಮತ್ತು ಗ್ಲಾಸ್ತೂಲ್’ನಲ್ಲಿ ಇಳಿಯಿರಿ, ಸುಮಾರು ಅರ್ಧ ಗಂಟೆ. ಅಲ್ಲಿಂದ ಕಡಲಂಚಿಗೆ ಕಾಲುಗಂಟೆ ನಡಿಗೆ. ನೆಪೋಲಿಯನ್ ದಂಡೆತ್ತಿ ಬರುವ ಭಯದಲ್ಲಿ 1804ರಲ್ಲಿ ಕಟ್ಟಿದ ಈ ಗುಂಡು ಗೋಪುರದಲ್ಲಿ ಜಾಯ್ಸ್ ಅದೇ 1904ರ ಸೆಪ್ಟೆಂಬರಿನಲ್ಲಿ ಗೆಳೆಯ ಒಲಿವರ್ ಗೊಗಾರ್ಟಿಯ ಜೊತೆ ಒಂದು ವಾರಕ್ಕೂ ಕಡಿಮೆ ಇದ್ದ. ರಾತ್ರಿ ಕೋಣೆಯೊಳಗೆ ಗುಂಡು ಹಾರಿದ ಮೇಲೆ ಬಿಟ್ಟು ಹೊರಟ. ಗೊಗಾರ್ಟಿಯೇ ಕಾದಂಬರಿಯ ಬಕ್ ಮಲ್ಲಿಗನ್. ಮೊದಲ ದೃಶ್ಯದಲ್ಲಿ ಮಲ್ಲಿಗನ್ ಕ್ಷೌರದ ಬಟ್ಟಲು ಹಿಡಿದು ಗೋಪುರದ ನೆತ್ತಿಗೆ ಬರುತ್ತಾನೆ, ಬಟ್ಟಲ ಮೇಲೆ ಕನ್ನಡಿ, ರೇಜರು ಅಡ್ಡಡ್ಡ ಇಟ್ಟಿರುತ್ತವೆ. ಗುಂಪಿನಲ್ಲೊಬ್ಬರು ಬಟ್ಟಲು, ಬ್ರಷ್, ಕ್ಷೌರದ ಸೋಪು ತಂದರೆ ದೃಶ್ಯ ಅಲ್ಲೇ ಎದ್ದು ನಿಲ್ಲುತ್ತದೆ. ರೇಜರು ಬ್ಲೇಡಿಲ್ಲದ್ದಾಗಿರಲಿ. ಗೋಪುರದ ನೆತ್ತಿ ಚಿಕ್ಕದು, ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ಮೇಲೆ ಹೋದವರು ಎರಡು ಪುಟಕ್ಕಿಂತ ಹೆಚ್ಚು ಓದುತ್ತ ನಿಂತರೆ ಕೆಳಗಿನವರ ಬೆಳಗ್ಗೆ ಕ್ಯೂನಲ್ಲೇ ಕಳೆಯುತ್ತದೆ.

ಗೋಪುರದ ಬುಡದಲ್ಲೇ ಫಾರ್ಟಿ ಫುಟ್ ಎಂಬ ಈಜುವ ಜಾಗ. ಮಲ್ಲಿಗನ್ ಇಲ್ಲಿ ಮುಳುಗುತ್ತಾನೆ, ಇಂದೂ ನೂರಾರು ಜನ ಮುಳುಗುತ್ತಾರೆ. ಜೂನ್‌ನಲ್ಲೂ ನೀರು ಹದಿಮೂರು ಡಿಗ್ರಿಯ ಆಸುಪಾಸು. ನಮ್ಮ ಕಡೆಯವರು ಹಾರಲೇಬಾರದು: ತಣ್ಣೀರಿಗೆ ಬಿದ್ದೊಡನೆ ಉಸಿರು ತಾನಾಗಿ ಒಳಕ್ಕೆಳೆಯುತ್ತದೆ, ಬಾಯಿ ನೀರೊಳಗಿದ್ದರೆ ನೀರೇ ಒಳಹೋಗುತ್ತದೆ. ಕಂಬಿ ಹಿಡಿದು ಮೆಟ್ಟಿಲಿಳಿಯಿರಿ, ಎದೆಮಟ್ಟ ನೀರಲ್ಲಿ ಉಸಿರು ಹದಕ್ಕೆ ಬರುವವರೆಗೆ ಒಂದೆರಡು ನಿಮಿಷ ನಿಲ್ಲಿ, ಐದು ನಿಮಿಷದೊಳಗೆ ಮೇಲೆ ಬನ್ನಿ. ಪಾಚಿಗಟ್ಟಿದ ಮೆಟ್ಟಿಲು, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಈಜು ಬಾರದವರು ದಡದಲ್ಲೇ ನಿಂತು ಓದಿದರೆ ಏನೂ ಕಮ್ಮಿಯಾಗುವುದಿಲ್ಲ.

ಇನ್ನು ತಿಂಡಿ. ಅದೇ ಎಂಟು ಗಂಟೆಗೆ ಊರಿನ ಇನ್ನೊಂದು ತುದಿಯಲ್ಲಿ ಬ್ಲೂಮ್ ಹಂದಿ ಕಿಡ್ನಿ ತಂದು ಬೆಣ್ಣೆಯಲ್ಲಿ ಹುರಿಯುತ್ತಾನೆ, ಮಹಡಿಯ ಮೇಲೆ ಹೆಂಡತಿಗೆ ಚಹಾ ಕೊಡುವಾಗ ಮಾತಿಗೆ ಸಿಕ್ಕಿ ಒಂದು ಬದಿ ಸೀಯುತ್ತದೆ. ಹೋಟೆಲುಗಳಲ್ಲಿ ಅವತ್ತು ‘ಬ್ಲೂಮ್ ತಿಂಡಿ’ ಸಿಗುತ್ತದೆ, ಆದರೆ ಮನೆಯಲ್ಲಿ ಮಾಡಿಕೊಂಡದ್ದೇ ಮೇಲು. ಹಂದಿ ಒಲ್ಲದವರಿಗೆ ಒಂದು ಮಾತು: ಬ್ಲೂಮ್‌ಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುರಿಯ ಕಿಡ್ನಿ ಎಂದೇ ಪುಸ್ತಕ ಹೇಳುತ್ತದೆ. ಹಾಗಾಗಿ ಮಟನ್ ಅಂಗಡಿಯದನ್ನು ತಂದರೆ ತಪ್ಪೇನಿಲ್ಲ.

ಒಬ್ಬರಿಗೆ ಎರಡು ಕುರಿ ಕಿಡ್ನಿ. ಮೇಲಿನ ಪೊರೆ ಸುಲಿದು, ಉದ್ದಕ್ಕೆ ಸೀಳಿ, ನಡುವಿನ ಬಿಳಿಯ ನರವನ್ನು ಚೂಪು ಕತ್ತರಿಯಲ್ಲಿ ಪೂರ್ತಿ ತೆಗೆಯಿರಿ. ವಾಸನೆಗೂ ರಬ್ಬರಿನಂಥ ಗಟ್ಟಿಗೂ ಅದೇ ಕಾರಣ. ಉಪ್ಪು ಬೆರೆಸಿದ ತಣ್ಣೀರಿನಲ್ಲೋ ಹಾಲಿನಲ್ಲೋ ಮುಕ್ಕಾಲು ಗಂಟೆ ನೆನೆಸಿ, ಬಟ್ಟೆಯಿಂದ ಒತ್ತಿ ಒರೆಸಿ. ಒದ್ದೆಯಿದ್ದರೆ ಹುರಿಯುವ ಬದಲು ಬೇಯುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಬೆಣ್ಣೆ, ಒಂದೊಂದು ಬದಿಗೆ ಎರಡೆರಡು ನಿಮಿಷ, ಕೊನೆಗೆ ಉಪ್ಪು, ಧಾರಾಳವಾಗಿ ಕಾಳುಮೆಣಸಿನ ಪುಡಿ. ಕುರಿಯದು ಒಂದೆರಡು ನಿಮಿಷ ಹೆಚ್ಚಾದರೂ ಚರ್ಮದಂತಾಗುತ್ತದೆ. ಹಂದಿಯದು ದೊಡ್ಡದು, ಒಳಗೆ ಕೆಂಪು ಉಳಿಯದಂತೆ ಪೂರ್ತಿ ಬೇಯಬೇಕು, ತೆಳ್ಳಗೆ ಹೆಚ್ಚಿ ಹುರಿಯುವುದು ಕ್ಷೇಮ. ಬಾಣಲೆಯ ತುಪ್ಪದಂಥ ಗ್ರೇವಿಯಲ್ಲಿ ಬ್ರೆಡ್ಡು ಅದ್ದಿ ತಿನ್ನಿ, ಬ್ಲೂಮ್ ತಿಂದ ಕ್ರಮ ಅದೇ.

ಮಕ್ಕಳಿದ್ದರೆ ಈ ಅಧ್ಯಾಯದ ಬೆಕ್ಕನ್ನು ಅವರಿಗೆ ಬಿಡಿ. ಹಾಲಿಗಾಗಿ ಅದು ಮೂರು ಸಲ ಕೂಗುತ್ತದೆ, ಪ್ರತಿ ಕೂಗಿನ ಕಾಗುಣಿತವನ್ನೂ ಜಾಯ್ಸ್ ಬೇರೆಯಾಗಿ ಬರೆದಿದ್ದಾನೆ. ಮೊದಲು ‘ಮ್ಕ್‌ಗ್ನಾವ್’, ಆಮೇಲೆ ‘ಮ್ರ್ಕ್‌ಗ್ನಾವ್’, ಮತ್ತೊಂದು ರಕಾರ ಸೇರಿ ‘ಮ್ರ್ಕ್ರ್‌ಗ್ನಾವ್’. ಹಸಿವು ಏರಿದ ಹಾಗೆ ಗಂಟಲು ಬಿಗಿಯುವುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

10 ಗಂಟೆ: ಸಾಬೂನು

ಪಿಯರ್ಸ್ ನಿಲ್ದಾಣಕ್ಕೆ ವಾಪಸು ಬಂದು ವೆಸ್ಟ್‌ಲ್ಯಾಂಡ್ ರೋ ಕೊನೆಗೆ ನಡೆದರೆ ಸ್ವೀನಿ. ಈಗ ಅಲ್ಲಿ ಔಷಧಿ ಮಾರುವುದಿಲ್ಲ. ಹಳೆಯ ಕಪಾಟು, ಸೀಸೆಗಳ ನಡುವೆ ಸ್ವಯಂಸೇವಕರು ಪುಸ್ತಕ, ನಿಂಬೆ ಸಾಬೂನು ಮಾರುತ್ತ, ಬಂದವರಿಂದ ಜಾಯ್ಸ್‌ನನ್ನು ಓದಿಸುತ್ತ ಅಂಗಡಿಯನ್ನು ಉಳಿಸಿಕೊಂಡಿದ್ದಾರೆ. ಒಂದು ಸಾಬೂನು ಕೊಳ್ಳುವುದು ಆ ಅಂಗಡಿಗೆ ನೀವು ಕೊಡಬಹುದಾದ ನೇರವಾದ ನೆರವು. ಕೊಂಡ ಮೇಲೆ ಚೀಲಕ್ಕೆ ಹಾಕಬೇಡಿ, ಜೇಬಿಗೆ ಹಾಕಿ. ಬ್ಲೂಮ್ ಅದರ ಮೇಲೇ ಕೂತು, ಒತ್ತಿ, ಶವಯಾತ್ರೆಯ ಗಾಡಿಯಿಂದ ಇಳಿಯುವಾಗ ಇನ್ನೊಂದು ಜೇಬಿಗೆ ದಾಟಿಸುತ್ತಾನೆ. ನೀವೂ ಬಸ್ಸಿನಲ್ಲಿ ಅದನ್ನೇ ಮಾಡುತ್ತೀರಿ. ಬಿಸಿಲಿಗೆ ಮೆತ್ತಗಾಗಿ ಬಟ್ಟೆಗೆ ಅಂಟದಿರಲು ಕಾಗದ ಬಿಚ್ಚಬೇಡಿ.

1 ಗಂಟೆ: ಊಟದ ನಡಿಗೆ

ನಾಲ್ಕರಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ಮಿಡಲ್ ಆ್ಯಬೀ ಸ್ಟ್ರೀಟಿನಿಂದ ಕಿಲ್ಡೇರ್ ಸ್ಟ್ರೀಟಿನವರೆಗೆ ಬ್ಲೂಮ್ ಹಸಿದು ನಡೆದ ದಾರಿಗೆ 1988ರಲ್ಲಿ ಹದಿನಾಲ್ಕು ಕಂಚಿನ ಫಲಕಗಳನ್ನು ಫುಟ್‌ಪಾತಿನಲ್ಲೇ ಹುದುಗಿಸಿದ್ದಾರೆ. ಒಂದೊಂದರಲ್ಲೂ ಆ ಜಾಗಕ್ಕೆ ಸೇರಿದ ಸಾಲು. ದೂರ ಒಂದೂವರೆ ಕಿಲೋಮೀಟರ್ ಆಸುಪಾಸು. ಸುಮ್ಮನೆ ನಡೆದರೆ ಇಪ್ಪತ್ತು ನಿಮಿಷ, ಓದುತ್ತ ನಡೆದರೆ ಒಂದು ಗಂಟೆ. 12ಕ್ಕೆ ಹೊರಟರೆ 1ಕ್ಕೆ ಡ್ಯೂಕ್ ಸ್ಟ್ರೀಟ್ ತಲುಪುತ್ತೀರಿ. ಬೆಳಗ್ಗೆ ಎಂಟರ ನಂತರ ಏನನ್ನೂ ತಿಂದಿರಬೇಡಿ. ಈ ಅಧ್ಯಾಯದ ಪ್ರತಿ ಸಾಲೂ ಹಸಿವಿನದು. ಹೊಟ್ಟೆ ತುಂಬಿದವರಿಗೆ ಇದು ಬರೀ ಬೀದಿಗಳ ಹೆಸರಿನ ಪಟ್ಟಿಯಾಗಿ ಕೇಳಿಸುತ್ತದೆ.

ಒ’ಕಾನೆಲ್ ಸೇತುವೆಯ ಮೇಲೆ ನಿಲ್ಲಿ. ಇಲ್ಲಿ ಬ್ಲೂಮ್ ಕೈಗೆ ಸಿಕ್ಕ ಧರ್ಮಪ್ರಚಾರದ ಕರಪತ್ರವನ್ನು ಉಂಡೆ ಮಾಡಿ ಲಿಫಿ ನದಿಗೆ ಎಸೆಯುತ್ತಾನೆ, ಕಡಲಕ್ಕಿಗಳು ಅದನ್ನು ನಂಬಿ ಮೋಸ ಹೋಗುವುದಿಲ್ಲ, ಆಮೇಲೆ ಮನಸ್ಸು ಕರಗಿ ಕೇಕು ಕೊಂಡು ಪುಡಿ ಮಾಡಿ ಹಾಕುತ್ತಾನೆ. ಇವೆರಡನ್ನೂ ಅಭಿನಯದಲ್ಲೇ ಮುಗಿಸಿ. ನದಿಗೆ ಕಾಗದ ಎಸೆಯುವುದು ತಪ್ಪು, ಕಡಲಕ್ಕಿಗಳು ಈಗ ಕೈಯಲ್ಲಿದ್ದದ್ದನ್ನೇ ಕಿತ್ತುಕೊಳ್ಳುವಷ್ಟು ಧೈರ್ಯದವು. ಕರಪತ್ರದ ಉಂಡೆಯನ್ನು ಜೇಬಿನಲ್ಲಿಡಿ, ಮುಂದಿನ ಓದಿಗೆ ಬೇಕು.

ಡ್ಯೂಕ್ ಸ್ಟ್ರೀಟಿನಲ್ಲಿ ಬ್ಲೂಮ್ ಚೀಸ್ ಸ್ಯಾಂಡ್‌ವಿಚ್ ತಿಂದ ಡೇವಿ ಬರ್ನ್ಸ್ ಪಬ್‌ನಲ್ಲಿ ಒಂದು ಗಂಟೆಗೆ ಕಾಲಿಡಲೂ ಜಾಗ ಸಿಗುವುದು ಕಷ್ಟ. ಒಳಗೇ ತಿನ್ನಬೇಕೆನ್ನುವವರು ಹಿಂದಿನ ದಿನ ತಿಂದು ಬನ್ನಿ, ಅಥವಾ ಸ್ಯಾಂಡ್‌ವಿಚ್ಚನ್ನು ಕಟ್ಟಿಕೊಂಡು ಬಂದು ಹತ್ತಿರದ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕಿನಲ್ಲಿ ಕೂರಿ. ಎರಡು ಹೋಳು ಬ್ರೆಡ್ಡು, ನಡುವೆ ಅರ್ಧ ಬೆರಳು ದಪ್ಪ ಗೊರ್ಗೊಂಜೋಲ ಚೀಸ್, ಅದರ ಮೇಲೆ ಸಾಸಿವೆ ಪೇಸ್ಟಿನ ಹಳದಿ ಬೊಟ್ಟುಗಳು, ಪಕ್ಕದಲ್ಲಿ ಒಂದು ಗ್ಲಾಸ್ ಬರ್ಗಂಡಿ ವೈನ್. ಶುದ್ಧ ಸಸ್ಯಾಹಾರಿಗಳು ಇಲ್ಲಿ ಎಚ್ಚರವಿರಬೇಕು: ಇಟಲಿಯ ಅಸಲಿ ಗೊರ್ಗೊಂಜೋಲಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿ ರೆನೆಟ್ ಎಂದು ಚೀಟಿಯಲ್ಲಿರುವ ನೀಲಿ ಚೀಸ್ ಹುಡುಕಿಕೊಳ್ಳಿ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟರಷ್ಟೇ ರುಚಿ ಬಿಚ್ಚಿಕೊಳ್ಳುತ್ತದೆ. ಬರ್ಗಂಡಿ ಬದಲು ದ್ರಾಕ್ಷಿ ರಸವಾದೀತು, ಸಾಸಿವೆಯನ್ನು ಮಾತ್ರ ಬಿಡಬೇಡಿ.

ಗುಂಪಿನಲ್ಲಿ ಓದುವುದು

ಬ್ಲೂಮ್ಸ್‌ಡೇ ಬೀಳುವುದೂ ಏಳುವುದೂ ಓದಿನಲ್ಲಿ. ವೇಷ ಚೆನ್ನಾಗಿದ್ದು ಓದು ಕೆಟ್ಟರೆ ಅದು ಫ್ಯಾನ್ಸಿ ಡ್ರೆಸ್. ಬಯಲಲ್ಲಿ ಒಬ್ಬರಿಗೆ ಮೂರು ನಿಮಿಷ, ಅಂದರೆ ಸುಮಾರು ನಾನೂರು ಇಂಗ್ಲಿಷ್ ಪದ. ಅದಕ್ಕಿಂತ ಹೆಚ್ಚಾದರೆ ಕೇಳುವವರ ಕಣ್ಣು ಮೊಬೈಲಿಗೆ ಹೋಗುತ್ತದೆ. ಪುಟಗಳನ್ನು 16 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿ, ಬಿಡಿ ಹಾಳೆಗಳು ಲಿಫಿಯ ಗಾಳಿಗೆ ನಿಲ್ಲುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು, ರಸ್ತೆಯ ಕಡೆ ಕೇಳುಗರನ್ನು ನಿಲ್ಲಿಸಿ ಓದಿ. ಬಸ್ಸಿನ ಸದ್ದಿಗೆ ಅವರ ಮೈಯೇ ತಡೆ.

ಹೊಸಬರು ಸಾಮಾನ್ಯವಾಗಿ ಆರಿಸಿ ಸೋಲುವುದು ಮೂರನೇ ಅಧ್ಯಾಯವನ್ನು. ಸ್ಟೀಫನ್‌ನ ತಲೆಯೊಳಗಿನ ಆ ಪಾಂಡಿತ್ಯದ ಪ್ರವಾಹ ಬೀದಿಯಲ್ಲಿ ನಿಲ್ಲದು. ಗುಂಪಿಗೆ ಹೇಳಿಮಾಡಿಸಿದ್ದು ಹತ್ತನೇ ಅಧ್ಯಾಯ, ಮಧ್ಯಾಹ್ನ ಮೂರರದು. ಅದರಲ್ಲಿ ಹತ್ತೊಂಬತ್ತು ಚಿಕ್ಕ ತುಣುಕುಗಳಿವೆ, ಊರಿನ ಹತ್ತೊಂಬತ್ತು ಮೂಲೆಗಳಲ್ಲಿ ಒಂದೇ ಹೊತ್ತಿಗೆ ನಡೆಯುವಂಥವು. ಹತ್ತೊಂಬತ್ತು ಜನಕ್ಕೆ ಹಂಚಿ, ಪಾರ್ಕಿನ ಹುಲ್ಲಿನ ಮೇಲೆ ದೊಡ್ಡ ಸುತ್ತಾಗಿ ನಿಲ್ಲಿಸಿ. ಮೊದಲನೆಯದು ಉದ್ದ, ಅದನ್ನು ಚೆನ್ನಾಗಿ ಓದುವವರಿಗೆ ಕೊಡಿ. ಇಡೀ ಅಧ್ಯಾಯಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ.

ಇದರ ಸ್ವಾರಸ್ಯ ಇರುವುದು ನುಸುಳುಗಳಲ್ಲಿ. ಒಂದು ತುಣುಕಿನ ನಡುವೆ, ಸೂಚನೆಯೇ ಇಲ್ಲದೆ, ಇನ್ನೊಂದು ಮೂಲೆಯಲ್ಲಿ ನಡೆಯುತ್ತಿರುವುದರ ಒಂದು ವಾಕ್ಯ ನುಗ್ಗಿ ಬರುತ್ತದೆ. ಆ ವಾಕ್ಯವನ್ನು ಓದುತ್ತಿರುವವರು ಓದಬಾರದು. ಅದು ಯಾರ ತುಣುಕಿನದೋ ಅವರು ತಾವು ನಿಂತಲ್ಲಿಂದಲೇ ಕೂಗಿ ಹೇಳಬೇಕು. ಉದಾಹರಣೆಗೆ ನಾಲ್ಕನೇ ತುಣುಕಿನಲ್ಲಿ ಡೆಡಾಲಸ್ ಮನೆಯ ಬಡ ಹುಡುಗಿಯರು ಅಡುಗೆಮನೆಯಲ್ಲಿ ಬೇಳೆಯ ಸೂಪು ಕುಡಿಯುತ್ತಿರುವಾಗ ಎಲ್ಲಿಂದಲೋ ಹರಾಜು ಅಂಗಡಿಯ ಗಂಟೆ ಬಾರಿಸುತ್ತದೆ. ಆ ಹರಾಜು ಅಂಗಡಿ ಬರುವುದು ಹನ್ನೊಂದನೇ ತುಣುಕಿನಲ್ಲಿ. ಹನ್ನೊಂದನೆಯವರ ಕೈಗೊಂದು ಪೂಜೆಯ ಗಂಟೆ ಕೊಡಿ. ಅದೇ ನಾಲ್ಕನೇ ತುಣುಕಿನ ಕೊನೆಗೆ, ಬ್ಲೂಮ್ ಸೇತುವೆಯಿಂದ ಎಸೆದ ಕರಪತ್ರದ ಉಂಡೆ ನದಿಯಲ್ಲಿ ತೇಲಿಹೋಗುವುದು ಕಾಣುತ್ತದೆ. ಹನ್ನೆರಡರಲ್ಲಿ, ಹದಿನಾರರಲ್ಲಿ ಇನ್ನೂ ಮುಂದೆ ಮುಂದೆ ಕಡಲಿನತ್ತ. ಊಟದ ನಡಿಗೆಯಲ್ಲಿ ಜೇಬಿಗೆ ಹಾಕಿದ ಉಂಡೆಯನ್ನು ಒಬ್ಬರಿಗೆ ಕೊಟ್ಟು, ಮೂರು ಸಲವೂ ಸುತ್ತಿನೊಳಗೆ ಅದನ್ನು ಸ್ವಲ್ಪ ಸ್ವಲ್ಪವೇ ದಾಟಿಸಲು ಹೇಳಿ. ನುಸುಳುಗಳನ್ನೆಲ್ಲ ಮೊದಲೇ ಬಣ್ಣದ ಪೆನ್ಸಿಲಿನಲ್ಲಿ ಗುರುತಿಸಿ, ಪಕ್ಕದಲ್ಲಿ ತುಣುಕಿನ ಸಂಖ್ಯೆ ಬರೆದಿಡಬೇಕು; ಈ ತಯಾರಿಗೆ ಒಂದು ಸಂಜೆ ಬೇಕು. ಅದಿಲ್ಲದೆ ನಿಂತರೆ ಐದನೇ ತುಣುಕಿಗೇ ಗೊಂದಲ.

ಹನ್ನೆರಡನೇ ಅಧ್ಯಾಯಕ್ಕೆ ಇಬ್ಬರು ಸಾಕು: ಒಬ್ಬರು ಪಬ್‌ನಲ್ಲಿ ಹರಟುವ ಹೆಸರಿಲ್ಲದ ನಿರೂಪಕ, ಇನ್ನೊಬ್ಬರು ನಡುನಡುವೆ ಬರುವ ಉಬ್ಬಿದ ಪುರಾಣ ಶೈಲಿಯ ಭಾಗಗಳಿಗೆ. ಹದಿನೇಳನೆಯದು ಮುನ್ನೂರಕ್ಕೂ ಹೆಚ್ಚು ಪ್ರಶ್ನೋತ್ತರಗಳಲ್ಲಿದೆ, ಎದುರುಬದುರು ಕೂತು ಓದಬೇಕು. ಕನ್ನಡಿಗರ ಗುಂಪಿಗೆ ನಮ್ಮ ಗಮಕದ ಕ್ರಮ ಬಹಳ ಒಗ್ಗುತ್ತದೆ: ಒಬ್ಬರದು ವಾಚನ, ಇನ್ನೊಬ್ಬರದು ವ್ಯಾಖ್ಯಾನ. ಕುಮಾರವ್ಯಾಸನನ್ನು ಹೀಗೆ ಕೇಳಿ ಬೆಳೆದ ಕಿವಿಗೆ ಕಷ್ಟದ ಪಠ್ಯ ಹೊಸದಲ್ಲ. ವ್ಯಾಖ್ಯಾನ ವಾಚನಕ್ಕಿಂತ ಚಿಕ್ಕದಾಗಿರಬೇಕು, ಅಷ್ಟೇ.

ಕನ್ನಡಕ್ಕೆ ತಂದು ಓದುವುದಾದರೆ ಹಕ್ಕಿನ ತೊಡಕಿಲ್ಲ. ಜಾಯ್ಸ್ 1941ರಲ್ಲಿ ತೀರಿಕೊಂಡ. ಭಾರತದಲ್ಲಿ 2001ರ ಕೊನೆಗೆ, ಯುರೋಪಿನಲ್ಲಿ 2011ರ ಕೊನೆಗೆ ಹಕ್ಕಿನ ಅವಧಿ ಮುಗಿದಿದೆ. ಬೇರೆಯವರ ಅನುವಾದವಾದರೆ ಅವರನ್ನು ಕೇಳಬೇಕು. ಸ್ವಂತಕ್ಕೆ ಇನ್ನೂರು ಪದ ಅನುವಾದಿಸಿ ನೋಡಿ, ಒಂದು ತೊಡರು ಎದುರಾಗುತ್ತದೆ. ಬ್ಲೂಮ್‌ನ ಯೋಚನೆಗಳು ಕರ್ತೃವಿಲ್ಲದ ತುಂಡುಗಳು, ನಾನೋ ಅವನೋ ಎಂದು ಇಂಗ್ಲಿಷಿನಲ್ಲಿ ಹೇಳದೆಯೇ ಸಾಗುತ್ತದೆ. ಕನ್ನಡದ ಕ್ರಿಯಾಪದ ಮಾತ್ರ ‘ಹೋದೆ’, ‘ಹೋದ’ ಎಂದು ಆಳನ್ನು ತೋರಿಸಿಯೇ ಬಿಡುತ್ತದೆ. ‘ಹೋಗಬೇಕು’, ‘ಕೇಳೋದೋ ಬೇಡವೋ’, ‘ತಡವಾಯ್ತು’, ‘ಹಸಿವು’ ಎಂಬಂಥ ರೂಪಗಳಲ್ಲಿ ಬರೆದರೆ ಆ ಅಸ್ಪಷ್ಟತೆ ಉಳಿಯುತ್ತದೆ. ಗಟ್ಟಿಯಾಗಿ ಓದಿದಾಗ ಯಾರದೋ ತಲೆಯೊಳಗಿನ ಮಾತು ಕೇಳಿಸಿಕೊಂಡಂತೆಯೇ ಆಗುತ್ತದೆ.

8 ಗಂಟೆ: ಸ್ಯಾಂಡಿಮೌಂಟ್

ಡಬ್ಲಿನ್‌ನಲ್ಲಿ ಜೂನ್ ಮಧ್ಯದಲ್ಲಿ ಸೂರ್ಯ ಮುಳುಗುವುದು ರಾತ್ರಿ 10ಕ್ಕೆ ಸ್ವಲ್ಪ ಮುಂಚೆ. ಎಂಟಕ್ಕೆ ಇನ್ನೂ ಬೆಳಕು. ಇಲ್ಲಿ ನೀರಿಳಿದಾಗ ಮರಳು ಬಹಳ ದೂರ ಬಯಲಾಗುತ್ತದೆ, ನಡೆಯುತ್ತ ಹೋದವರ ಹಿಂದಿನಿಂದ ಕಾಲುವೆಗಳ ಮೂಲಕ ನೀರು ಏರಿ ಬಂದು ದಾರಿ ಕಡಿಯುತ್ತದೆ. ಉಬ್ಬರದ ವೇಳೆ ನೋಡದೆ ಮರಳಿಗೆ ಇಳಿಯಬೇಡಿ. ಸಂಶಯವಿದ್ದರೆ ದಡದ ಗೋಡೆಯ ಮೇಲೇ ಕೂರಿ. ಈ ತೀರದಲ್ಲಿ ನಡೆಯುವ ಹದಿಮೂರನೇ ಅಧ್ಯಾಯದ ಕಾಮದ ಭಾಗ ಮಕ್ಕಳ ಮುಂದೆ ಓದುವಂಥದ್ದಲ್ಲ. ಅದನ್ನು ಅಚ್ಚು ಹಾಕಿದ್ದಕ್ಕೇ ನ್ಯೂಯಾರ್ಕಿನ ಪತ್ರಿಕೆಯೊಂದರ ಸಂಪಾದಕಿಯರಿಗೆ 1921ರಲ್ಲಿ ದಂಡ ಬಿತ್ತು.

ಡಬ್ಲಿನ್‌ಗೆ ಹೋಗಲಾಗದವರಿಗೆ

ಅಮೆರಿಕದಲ್ಲಿರುವವರಿಗೆ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂ ಇದೆ. ಜಾಯ್ಸ್‌ನ ಹಸ್ತಪ್ರತಿ ಇರುವುದು ಅಲ್ಲೇ, ಪ್ರತಿ ವರ್ಷ ಹೊರಗೆ ಬೀದಿಯಲ್ಲಿ ಸರದಿ ಓದು ನಡೆಯುತ್ತದೆ. ಯುರೋಪಿನಲ್ಲಿ ಟ್ರಿಯೆಸ್ಟ್, ಬ್ಲೂಮ್‌ನ ತಂದೆಯ ಊರಾದ ಹಂಗೇರಿಯ ಸೊಂಬತ್‌ಹೆಯ್ ಇವೆ.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಮಾಡುವುದಾದರೆ ಬೀದಿಗಳನ್ನು ನಕಲು ಮಾಡಲು ಹೋಗಬೇಡಿ. ನಮ್ಮ ಬೀದಿ ಡಬ್ಲಿನ್ ಆಗುವುದಿಲ್ಲ. ಗಡಿಯಾರವನ್ನು ಮಾತ್ರ ತನ್ನಿ. ಬೇಸಿಗೆಯಲ್ಲಿ ಡಬ್ಲಿನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ: ಅಲ್ಲಿನ 8 ನಮ್ಮ 12.30, ಅಲ್ಲಿನ 1 ನಮ್ಮ 5.30. ಆ ಹೊತ್ತಿಗೆ ಅಲ್ಲಿ ಓದುತ್ತಿರುವುದನ್ನೇ ಇಲ್ಲೂ ಓದಿ. ಓದುಗರು ಸಾಲದಿದ್ದರೆ ಐರಿಶ್ ರೇಡಿಯೊ ಆರ್‌ಟಿಇ 1982ರಲ್ಲಿ ಪ್ರಸಾರ ಮಾಡಿದ ಪೂರ್ಣ ಧ್ವನಿಮುದ್ರಣವಿದೆ, ಮೂವತ್ತು ಗಂಟೆಗೆ ಸ್ವಲ್ಪ ಕಡಿಮೆ. ಒಂದೊಂದು ಅಧ್ಯಾಯದಿಂದ ಇಪ್ಪತ್ತು ನಿಮಿಷ ಹಾಕಿ, ಉಳಿದದ್ದು ನೀವು ಓದಿ. ಆರೇಳು ಜನ, ಒಂದು ಮನೆ, ಕಿಟಕಿಯಾಚೆ ಮಳೆ, ಅಷ್ಟಿದ್ದರೆ ನಡೆಯುತ್ತದೆ.

ಕೊನೆಗೆ ಕೇಕು. ಮಾಲಿ ಹಾಸಿಗೆಯಲ್ಲಿ ಮಲಗಿ ಯೋಚಿಸುವ ಕೊನೆಯ ಅಧ್ಯಾಯದಲ್ಲಿ, ಹದಿನಾರು ವರ್ಷದ ಹಿಂದೆ ಹೌತ್ ಗುಡ್ಡದ ಮೇಲೆ ಅಗಿದ ಸೀಡ್ ಕೇಕಿನ ತುಣುಕನ್ನು ಬ್ಲೂಮ್‌ನ ಬಾಯಿಗೆ ಕೊಟ್ಟದ್ದು ನೆನಪಾಗುತ್ತದೆ. 175 ಗ್ರಾಂ ಬೆಣ್ಣೆ, 175 ಗ್ರಾಂ ಸಕ್ಕರೆ ನೊರೆಯಾಗುವಂತೆ ಕಡೆದು, ಮೂರು ಮೊಟ್ಟೆ ಒಂದೊಂದಾಗಿ ಸೇರಿಸಿ, 225 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಎರಡು ಟೀ ಚಮಚ ಕ್ಯಾರವೇ ಬೀಜ, ಎರಡು ದೊಡ್ಡ ಚಮಚ ಹಾಲು ಕಲಸಿ, 165 ಡಿಗ್ರಿಯಲ್ಲಿ ಐವತ್ತೈದು ನಿಮಿಷ ಬೇಯಿಸಿ. ಕ್ಯಾರವೇ ಬದಲು ಅಡುಗೆಯ ಜೀರಿಗೆ ಹಾಕಿದರೆ ಒಗ್ಗರಣೆಯ ವಾಸನೆ ಬರುತ್ತದೆ. ಹಿಂದಿನ ದಿನ ಮಾಡಿಟ್ಟರೆ ಬೀಜದ ಘಮ ಚೆನ್ನಾಗಿ ಇಳಿಯುತ್ತದೆ.

ಕೊನೆಯ ನಾಲ್ಕೈದು ಪುಟ ಒಬ್ಬರೇ ಓದಬೇಕು, ಕೂತೋ ಮಲಗಿಯೋ. ಅಲ್ಲಿ ವಿರಾಮಚಿಹ್ನೆಗಳಿಲ್ಲ. ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಎರಡು ಸಲ ಗಟ್ಟಿಯಾಗಿ ಅಭ್ಯಾಸ ಮಾಡಿ. ಇಲ್ಲದಿದ್ದರೆ ಕೊನೆಯ ‘ಹೌದು’ ಬರುವ ಹೊತ್ತಿಗೆ ಉಸಿರೇ ಇರುವುದಿಲ್ಲ. ಕೇಕನ್ನು ಹೌತ್ ಗುಡ್ಡ ಬಂದಾಗ ಹಂಚಿ, ಓದು ನಿಲ್ಲಿಸದೆ.